ಉಬ್ಬರಕ್ಕೆ ಹೊರಡುವ ದೋಣಿ

ರೈಲು ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಗಾಡಿಗಳ ವೇಳೆ ಹೇಳುವುದು ಆಗ ನನ್ನ ಕೆಲಸ. ಗಡಿಯಾರ ಬಿಟ್ಟರೆ ಬೇರೆ ದೇವರಿರಲಿಲ್ಲ. ಅಕ್ಕ, ಭಾವನ ಜೊತೆ ಆ ಪುಟ್ಟ ದ್ವೀಪಕ್ಕೆ ನಾಲ್ಕು ದಿನದ ರಜೆಗೆ ಹೋದಾಗ ನನಗೆ ಇಪ್ಪತ್ತಾರು. ವಾಪಸ್ ಬಂದ ಕೂಡಲೇ ಅಕ್ಕ ನೋಡಿಟ್ಟಿದ್ದ ಸಂಬಂಧಕ್ಕೆ ಹೂಂ ಅನ್ನಬೇಕಿತ್ತು.

ಅಲ್ಲಿ ಕಾರಿಲ್ಲ, ಬಾಡಿಗೆ ಸೈಕಲ್ಲೇ ಗತಿ. ಸೈಕಲ್ ಅಂಗಡಿಯವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ನನಗೆ ಮೈಯೆಲ್ಲ ಉರಿದುಹೋಯಿತು.

"ಏನ್ರೀ, ಹಾಗೆ ನೋಡ್ತೀರಾ?"

"ಸೀಟಿನ ಎತ್ತರ ಸರಿ ಮಾಡೋಕೆ, ಮೇಡಂ." ಕೈಯಲ್ಲಿದ್ದ ಸ್ಪ್ಯಾನರ್ ತೋರಿಸಿ ನಗು ತಡೆದುಕೊಂಡ. ನಾನು ಪೆಚ್ಚಾದೆ.

ಮರುದಿನ ಸೈಕಲ್ಲಿನ ಚೈನ್ ಕಳಚಿ ಬಿತ್ತು, ಅವನೇ ಹಾಕಿಕೊಟ್ಟ. ಅದರ ಮರುದಿನ ಅದು ಬೀಳಲಿಲ್ಲ, ನಾನೇ ಬೀಳಿಸಿದೆ.

"ಇವತ್ತು ತುಂಬಾ ನೀಟಾಗಿ ಬಿದ್ದಿದೆ," ಎಂದ, ತಲೆ ಎತ್ತದೆ. ಅವನ ಕಿವಿ ಕೆಂಪಾಗಿದ್ದನ್ನು ನಾನು ಕದ್ದು ನೋಡಿದೆ. "ಟೆಸ್ಟ್ ಮಾಡಬೇಕು" ಎಂಬ ನೆಪದಲ್ಲಿ ಜೊತೆಗೇ ಹೊರಟ. ಬಣ್ಣ ಸುಲಿದ ನೀಲಿ ಗೋಡೆಗಳ ಓಣಿ, ಒಂದೇ ಕೋಣೆಯ ಅಂಚೆ ಕಚೇರಿ, ದೀಪಸ್ತಂಭದ ತಂಪು ಮೆಟ್ಟಿಲು. ಆ ಮಧ್ಯಾಹ್ನ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಹೊರಡುವ ದಿನ ಹನ್ನೆರಡಕ್ಕೆ ಸರಿಯಾಗಿ ಅಕ್ಕ, ಭಾವನನ್ನು ದೋಣಿಕಟ್ಟೆಗೆ ಎಳೆದು ತಂದೆ. ಬಂದ ದಿನ ದೋಣಿ ಹನ್ನೆರಡಕ್ಕೆ ಹೊರಟಿದ್ದನ್ನು ನೋಡಿದ್ದೆನಲ್ಲ! ಈಗ ಅದು ಕೆಸರಿನಲ್ಲಿ ವಾಲಿಕೊಂಡು ಮಲಗಿತ್ತು. ಪಕ್ಕದ ಮೆಟ್ಟಿಲ ಮೇಲೆ ಸೈಕಲ್ ಅಂಗಡಿಯವನು ಕೂತಿದ್ದ. ಅಕ್ಕ ಗೊಣಗುತ್ತಾ ಭಾವನ ಜೊತೆ ಟೀ ಅಂಗಡಿಯ ನೆರಳಿಗೆ ಹೋದಳು.

"ನೀರು ಏರಿದಾಗಲೇ ದೋಣಿ ಹೊರಡೋದು. ದಿನಾ ಮುಕ್ಕಾಲು ಗಂಟೆ ಚಿಲ್ರೆ ತಡ ಆಗುತ್ತೆ. ಇವತ್ತು ಎರಡೂವರೆ," ಎಂದ.

"ನಿನ್ನೆನೇ ಹೇಳಬಾರದಿತ್ತಾ?"

"ಹೇಳಿದ್ರೆ ಎರಡೂವರೆಗೇ ಬರ್ತಿದ್ರಿ."

ಮೆಟ್ಟಿಲ ಮೇಲೆ ಕೂತೆ. ಅಕ್ಕ ನೋಡಿಟ್ಟ ಸಂಬಂಧದ ವಿಷಯ ಹೇಳಿದೆ.

"ಒಳ್ಳೆಯವರಾ?"

"ಹಾಗಂತಾರೆ."

ಅವನು ಬೆರಳಿನ ಗ್ರೀಸ್ ಉಜ್ಜುತ್ತಾ ಕೂತ. ಬೇಡ ಅನ್ನು, ಒಂದು ಸಲ ಅನ್ನು ಎಂದು ನಾನು ಒಳಗೊಳಗೇ ಗೋಗರೆಯುತ್ತಿದ್ದೆ. ಸಾವಿರಾರು ಜನಕ್ಕೆ ಕೇಳುವ ಹಾಗೆ ಮಾತಾಡುವವಳ ನಾಲಿಗೆ ಅಂದು ಏಳಲೇ ಇಲ್ಲ. ಕೆಸರು ಮುಳುಗಿತು, ದೋಣಿ ನೆಟ್ಟಗಾಯಿತು. ಅಕ್ಕ ಕೂಗಿದಳು. ನಾನು ಹತ್ತಿದೆ.

ದೋಣಿ ಕಟ್ಟೆಯಿಂದ ಹತ್ತು ಮಾರು ದೂರ ಹೋಗಿತ್ತು. ಆಗ ಅವನು ಎದ್ದು ನಿಂತು, ಊರಿಗೇ ಕೇಳುವ ಹಾಗೆ ಕೂಗಿದ.

"ಹೋಗಬೇಡಿ!"

ದೋಣಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ಯಾರಿಗೇ ಹೇಳ್ತಿದ್ದಾನೆ ಅವನು?" ಎಂದಳು ಅಕ್ಕ.

"ಯಾರಿಗೋ."

"ಹಾಗಾದ್ರೆ ನೀನ್ಯಾಕೆ ಅಳ್ತಿದೀಯ?"

"ಮೋಟಾರಿನ ಹೊಗೆ," ಎಂದೆ.

ಆಚೆ ದಡದಲ್ಲಿ ಇಳಿದ ಮೇಲೆ ಅಕ್ಕ ಭಾವನ ಕಡೆ ತಿರುಗಿ, "ರೀ, ನಾವು ನೋಡಿಟ್ಟ ಹುಡುಗನ ಮನೆಗೆ ಫೋನ್ ಮಾಡಿ. ಈ ಸಂಬಂಧ ಬೇಡ ಅನ್ನಿ," ಎಂದಳು. ಭಾವ ಬಾಯಿ ಬಿಟ್ಟುಕೊಂಡು ನಿಂತರು. ನಾನು ಹೆಗಲ ಬ್ಯಾಗನ್ನೂ ಇಳಿಸದೆ, ನಾಳೆಯ ದೋಣಿಗೆ ಒಂದು ಟಿಕೆಟ್ ಕೊಡಿ ಎಂದು ಕೇಳಲು ಕೌಂಟರಿನತ್ತ ಓಡಿದೆ.