ಮಿನಾಗಿಯ ಬತ್ತಿದ ಈಜುಕೊಳ

“ಇಲ್ಲಿ ಯಾರೂ ಸ್ಕೇಟಿಂಗ್ ಮಾಡಲ್ಲ,” ಎಂದಳು ಚಿಸಾತೊ, ಸ್ಕೇಟ್‌ಬೋರ್ಡನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಳ್ಳುತ್ತ.

ಅಡ್ಡಡ್ಡ ಹಿಡಿದಿದ್ದರಿಂದ ಬೋರ್ಡಿನ ಎರಡು ತುದಿಗಳೂ ಅವಳ ಸೊಂಟದ ಆಚೀಚೆ ಇಣುಕುತ್ತಿದ್ದವು. ಅಳತೆ ಟೇಪು ಹಿಡಿದು ನಿಂತಿದ್ದ ಆ ಅಪರಿಚಿತ ಎಡದ ತುದಿಯನ್ನೊಮ್ಮೆ, ಬಲದ ತುದಿಯನ್ನೊಮ್ಮೆ ನೋಡಿದ.

“ಹಾಗಾದ್ರೆ ಅದೇನು?”

“ಇದಾ? ಇಸ್ತ್ರಿ ಹಲಗೆ.”

“ಚಕ್ರ ಇದೆಯಲ್ಲ?”

“ನಮ್ಮೂರಲ್ಲಿ ಹಾಗೇ ಇರುತ್ತೆ.”

“ಒಳ್ಳೇದಾಯ್ತು ಬಿಡಿ,” ಎಂದ ಅವನು ಗಂಭೀರವಾಗಿ. “ಬಟ್ಟೆ ಇದ್ದಲ್ಲಿಗೆ ಅದೇ ಹೋಗುತ್ತೆ.”

ಚಿಸಾತೊಗೆ ನಗು ಉಕ್ಕಿತು. ಆದರೆ ನಕ್ಕರೆ ಕೆಟ್ಟೆ. ಪುರಸಭೆಯವರು ಮತ್ತೊಂದು ‘ನಿಷೇಧ’ ಫಲಕ ನೆಡಲು ಜಾಗ ಅಳೆಯುತ್ತಿದ್ದಾರೆ ಎಂದೇ ಅವಳ ಎಣಿಕೆ. ಮುಖ ಗಂಟಿಕ್ಕಿಕೊಂಡು, ಬಂದರಿನ ಹಳೆಯ ಮೀನು ಹರಾಜಿನ ಅಂಗಳ ದಾಟಿ, ಹಿಂದಕ್ಕೆ ನೋಡದೆ ಮನೆಯ ದಾರಿ ಹಿಡಿದಳು. ಅಂಗಡಿ ತೆರೆಯುವ ಹೊತ್ತಾಗಿತ್ತು.

ಅಂಗಡಿ ಎಂದರೆ ಕ್ಷೌರದ ಅಂಗಡಿ. ಅಮ್ಮ ತೀರಿಕೊಂಡ ಮೇಲೆ ಅಪ್ಪ, ಮಗಳು ಇಬ್ಬರೇ ಅದನ್ನು ನಡೆಸಿಕೊಂಡು ಬಂದಿದ್ದರು. ಮಿನಾಗಿ ಊರಿನ ಗಂಡಸರಲ್ಲಿ ಅರ್ಧ ಜನರ ತಲೆ ಅಪ್ಪನ ಕೈಯಲ್ಲೇ ಬೆಳೆದದ್ದು. ಅದಕ್ಕೇ ಅವರನ್ನು ಬಂದರುಕೇರಿಯ ಸಂಘಕ್ಕೆ ಅಧ್ಯಕ್ಷರನ್ನಾಗಿ ಮಾಡಿದ್ದರು. ಚಿಸಾತೊ ಬೆಳಗಿನ ಹೊತ್ತು ಸ್ಕೇಟಿಂಗ್ ಮಾಡುವುದು ಮಾತ್ರ ಅವರಿಗೆ ಗೊತ್ತಿರಲಿಲ್ಲ. ಬೀಳುತ್ತೇನೆಂದು ಹೆದರಿಯಾರು ಅಂತ ಮೊದಲು ಮುಚ್ಚಿಟ್ಟಳು. ಆಮೇಲೆ ಅಪ್ಪ ಅಧ್ಯಕ್ಷರಾಗಿ, ಸ್ಕೇಟಿಂಗ್ ಸದ್ದಿನ ವಿರುದ್ಧ ದನಿ ಎತ್ತಿದಾಗ, ಹೇಳುವ ದಾರಿಯೇ ಮುಚ್ಚಿಹೋಯಿತು. ಮೊಣಕಾಲು ಕಪ್ಪಿಟ್ಟರೆ “ಮೆಟ್ಟಿಲಲ್ಲಿ ಜಾರಿದೆ” ಎನ್ನುತ್ತಿದ್ದಳು. ಅಪ್ಪ ಪಾಪ, ಮೆಟ್ಟಿಲಿಗೆ ರಬ್ಬರ್ ಪಟ್ಟಿ ಹೊಡೆಸಿದರು.

ಮರುದಿನ ಸಂಜೆ ಸಮುದಾಯ ಭವನದಲ್ಲಿ ಸಭೆ. ಊರಿಗೊಂದು ಸ್ಕೇಟ್‌ಪಾರ್ಕ್ ಬೇಕೆಂದು ಮೀನಿನ ವ್ಯಾನ್ ಓಡಿಸುವ ತೆಪ್ಪೇ ಮತ್ತು ಗೆಳೆಯರು ಮನವಿ ಕೊಟ್ಟಿದ್ದರು. ಮುಚ್ಚಿಹೋದ ಸಾರ್ವಜನಿಕ ಈಜುಕೊಳದ ಜಾಗದಲ್ಲಿ ಮಾಡಬಹುದು, ಆದರೆ ಅಕ್ಕಪಕ್ಕದವರು ಒಪ್ಪಬೇಕು ಎಂದಿತ್ತು ಪುರಸಭೆ. ವಿನ್ಯಾಸಕಾರರು ಮತ್ಸುಯಾಮಾ ನಗರದಿಂದ ಬರುತ್ತಾರಂತೆ.

ಚಿಸಾತೊ ಚಪ್ಪಲಿ ಕಳಚಿ, ಮಾಸ್ಕ್ ಏರಿಸಿಕೊಂಡು ಹಿಂದಿನ ಸಾಲಿನಲ್ಲಿ ಕೂತಳು. ಮುಂದೆ ನಕ್ಷೆ ಹರಡುತ್ತಿದ್ದವನು ತಲೆ ಎತ್ತಿದ. ಅದೇ ಟೇಪಿನ ಮನುಷ್ಯ.

“ನನ್ನ ಹೆಸರು ಸೆಗಾವಾ. ಪಾರ್ಕ್ ಹೇಗಿರಬೇಕು ಅಂತ ನಾನು ಹೇಳೋಕೆ ಬಂದಿಲ್ಲ. ನೀವು ಹೇಳಿದ್ದನ್ನ ಕೇಳಿಸ್ಕೊಂಡು ಬರೆಯೋಕೆ ಬಂದಿದೀನಿ.”

ಅಪ್ಪ ಎದ್ದು ನಿಂತರು. “ಹಾಗಾದ್ರೆ ನಂದು ಬರ್ಕೊಳ್ಳಿ. ಈಜುಕೊಳದ ಗೋಡೆ ಹಿಂದೇನೇ ಉಮೆನೊ ಅಜ್ಜಿ ಮನೆ. ರಾತ್ರಿ ಅವರಿಗೆ ನಿದ್ದೆ ಬರಲ್ಲ, ಮಧ್ಯಾಹ್ನ ಮಲಗಿದ್ರೇನೇ ಉಂಟು. ಆ ಗಡಗಡ ಸದ್ದು ಅವರ ತಲೆದಿಂಬಿನ ಹತ್ರ ಬೇಡ ಅಂತ ನಾನು ಮಾತು ಕೊಟ್ಟಿದೀನಿ. ಅಷ್ಟಕ್ಕೂ ಆ ಚಕ್ರದ ಹಲಗೆ ಮೇಲೆ ಹಾರಾಡೋರು ಯಾರು? ನಮ್ಮ ಕೇರಿಯವರಂತೂ ಯಾರೂ ಇಲ್ಲ.”

ಸೆಗಾವಾನ ಕಣ್ಣು ಸಭೆಯ ಮೇಲೆ ಹಾದು ಹಿಂದಿನ ಸಾಲಿಗೆ ಬಂದು ನಿಂತಿತು. ಚಿಸಾತೊ ಮಾಸ್ಕಿನ ಮೇಲಿಂದ ಅವನನ್ನೇ ನೋಡಿದಳು. ಬೇಡ, ದಯವಿಟ್ಟು, ಎಂದವು ಆ ಕಣ್ಣುಗಳು. ಅವನು ತಲೆ ತಗ್ಗಿಸಿದ.

“ಬರ್ಕೊಂಡೆ,” ಎಂದ.

ಮಾರನೆಯ ದಿನ ಅವನು ಅಂಗಡಿಗೇ ಬಂದ.

“ಕೂದಲು ಕತ್ತರಿಸ್ಬೇಕಿತ್ತು.”

ಅಪ್ಪ ಬಿಳಿ ಬಟ್ಟೆ ಹೊದಿಸಿ, ಕತ್ತಿನ ಹತ್ತಿರ ಕತ್ತರಿ ಹಿಡಿದು, ಸದ್ದಿನ ವಿಷಯವನ್ನು ಮೊದಲಿನಿಂದ ಮತ್ತೆ ಶುರುಮಾಡಿದರು. ಅಲುಗಾಡುವಂತಿಲ್ಲದ ಸೆಗಾವಾ “ಹೂಂ, ಹೂಂ” ಎನ್ನುತ್ತಿದ್ದ. ಚಿಸಾತೊ ಹಿಂದೆ ಕಸ ಗುಡಿಸುತ್ತಿದ್ದಳು. ಕನ್ನಡಿಯಲ್ಲಿ ಕಣ್ಣು ಸಿಕ್ಕಿತು. ಅವಳು ತಟ್ಟನೆ ನೆಲ ನೋಡಿದಳು. ಮತ್ತೆ ಎತ್ತಿದಾಗ ಅವನ ನೋಟ ಅಲ್ಲೇ ಇತ್ತು, ತುಟಿಯ ಒಂದು ಮೂಲೆ ಮಾತ್ರ ಮೇಲಕ್ಕೆ ಹೋಗಿತ್ತು.

“ನಗಬೇಡಿ, ಕಿವಿ ಹೋದೀತು,” ಎಂದರು ಅಪ್ಪ.

ಅವನು ಹೊರಟಾಗ ಚಿಸಾತೊ ಬಾಗಿಲವರೆಗೆ ಹೋದಳು.

“ನಿನ್ನೆ ಹೇಳ್ದೇ ಇದ್ದಿದ್ದಕ್ಕೆ ಥ್ಯಾಂಕ್ಸ್.”

“ಏನನ್ನ? ನಿಮ್ಮ ಇಸ್ತ್ರಿ ಹಲಗೆ ವಿಷಯಾನಾ?” ಆಮೇಲೆ ದನಿ ತಗ್ಗಿಸಿದ. “ಒಂದು ಉಪಕಾರ ಮಾಡ್ತೀರಾ? ನಾನು ಯಾವತ್ತೂ ಅದರ ಮೇಲೆ ನಿಂತಿಲ್ಲ. ನಿಂತು ನೋಡ್ದೆ ಗೆರೆ ಎಳೆಯೋಕೆ ಮನಸ್ಸು ಬರ್ತಿಲ್ಲ. ಕಲಿಸ್ಕೊಡಿ.”

ಹೀಗೆ ಬೆಳಗಿನ ಪಾಠ ಆರಂಭವಾಯಿತು. ನಕ್ಷೆ ಮುಗಿಯುವ ತನಕ ಅವನು ಊರಲ್ಲೇ ಉಳಿದುಕೊಂಡಿದ್ದ. ದ್ವೀಪಗಳ ಹಿಂದಿನಿಂದ ಸೂರ್ಯ ಬರುವ ಹೊತ್ತಿಗೆ ಅವನು ಹರಾಜಿನ ಅಂಗಳದಲ್ಲಿ ಕಾಯುತ್ತಿದ್ದ. ಅವಳು ಎದುರು ನಿಂತು ಅವನ ಎರಡೂ ಕೈ ಹಿಡಿದು, ಹಿಂದೆ ಹಿಂದೆ ನಡೆಯುತ್ತ ಎಳೆಯುತ್ತಿದ್ದಳು. ಅವನ ಅಂಗೈ ಬೆವರುತ್ತಿತ್ತು.

“ಕಾಲು ನೋಡ್ಕೋಬೇಡಿ. ಮುಂದೆ ನೋಡಿ.”

“ಮುಂದೆ ನೀವಿದ್ದೀರಲ್ಲ.”

“ಹಾಗಾದ್ರೆ ನನ್ನನ್ನೇ ನೋಡಿ.”

ಅವನು ನೋಡಿದ. ಹಲಗೆ ಸರ್ರನೆ ಜಾರಿತು, ದೊಪ್ಪನೆ ಕೂತ. ವ್ಯಾನಿನಿಂದ ಐಸ್ ಪೆಟ್ಟಿಗೆ ಇಳಿಸುತ್ತಿದ್ದ ತೆಪ್ಪೇ ಕೂಗಿದ, “ಚಿಸಾತೊ ಅಕ್ಕಾ, ಅವ್ರನ್ನ ಸಾಯಿಸ್ಬೇಡ! ಪಾರ್ಕ್ ಕಟ್ಟೋರು ಯಾರು ಆಮೇಲೆ?”

ಕೆಲವು ವಾರ ಕಳೆದಾಗ ಅವನು ಒಬ್ಬನೇ ಅಂಗಳದ ಈ ತುದಿಯಿಂದ ಆ ತುದಿಗೆ ಹೋಗುವಷ್ಟು ಕಲಿತ. ಆದರೂ ಕೈ ಚಾಚುತ್ತಿದ್ದ. ಅವಳೂ ಹಿಡಿಯುತ್ತಿದ್ದಳು. ಪಾಠದ ನಂತರ ಕಟ್ಟೆಯ ಮೇಲೆ ಕೂತು ಕಿತ್ತಳೆ ಸುಲಿದು ತಿನ್ನುವಾಗ ಅವನು ಏನೋ ಹೇಳಲು ಬಾಯಿ ತೆರೆದು, ನಿಲ್ಲಿಸಿ, ಪಾರ್ಕಿನ ಇಳಿಜಾರಿನ ಮಾತಿಗೆ ತಿರುಗಿಸುತ್ತಿದ್ದ. ಈ ಮನುಷ್ಯನಿಗೆ ನನ್ನ ಮೇಲಿಗಿಂತ ಸಿಮೆಂಟಿನ ಮೇಲೇ ಪ್ರೀತಿ ಎಂದು ಚಿಸಾತೊ ಮನಸ್ಸಿನಲ್ಲೇ ಮುನಿಸಿಕೊಂಡಳು.

ಎರಡನೆಯ ಸಭೆಗೆ ಸೆಗಾವಾ ಜೇಡಿಮಣ್ಣಿನ ಮುದ್ದೆ ತಂದಿದ್ದ. ಮೇಜುಮೇಜಿಗೂ ಈಜುಕೊಳದ ಮಾದರಿ. ತಮಗೆ ಬೇಕಾದ್ದನ್ನು ಜನ ತಾವೇ ಮಾಡಬೇಕು. ತೆಪ್ಪೇ ದೊಡ್ಡ ಬಟ್ಟಲಿನಂಥ ತಗ್ಗು ಮಾಡಿದ. ಒಬ್ಬ ತಾಯಿ ನೆರಳಿನ ಬೆಂಚು ಮಾಡಿದಳು. ಯಾರೋ ಒಬ್ಬರು ಡೈನೋಸಾರ್ ಮಾಡಿಟ್ಟರು. ಅಪ್ಪ ಮಾತ್ರ ಕೈಕಟ್ಟಿ ಕೂತಿದ್ದರು.

“ಆಟ ಆಡ್ತಿದೀರಾ?” ಎಂದು ಎದ್ದರು. “ಈ ಹಲಗೆಯವರಿಗೆ ಊರಿನ ಮೇಲೆ ಕಾಳಜಿ ಇದ್ರೆ, ನಮ್ಮಲ್ಲಿ ಒಬ್ಬರಾದ್ರೂ ಎದ್ದು ನಿಂತು ಹೇಳ್ಲಿ, ಯಾಕೆ ಬೇಕು ಇದು ಅಂತ.”

ತೆಪ್ಪೇ ಮತ್ತವನ ಗೆಳೆಯರು ಬೇರೆ ಕೇರಿಯವರು, ಅವರ ಮಾತಿಗೆ ಇಲ್ಲಿ ಬೆಲೆಯಿರಲಿಲ್ಲ. ಅಪ್ಪ ಚೀಲ ಕೈಗೆತ್ತಿಕೊಂಡರು. ಅವರು ಹೊರಟರೆ ಕೇರಿಯೇ ಹಿಂದೆ ಹೋಗುತ್ತದೆ. ಚಿಸಾತೊ ಮಾಸ್ಕ್ ತೆಗೆದು ಎದ್ದಳು.

“ಅಪ್ಪ, ನಾನು ಹೇಳ್ತೀನಿ. ನಾನೂ ಅವರಲ್ಲೊಬ್ಬಳು.”

ಮಣ್ಣು ಮಿದಿಯುತ್ತಿದ್ದ ಕೈಗಳೆಲ್ಲ ನಿಂತವು.

“ಅಮ್ಮ ತೀರಿಹೋದ ವರ್ಷ ಶುರುಮಾಡ್ದೆ. ಬೆಳಗ್ಗೆ ಎದ್ರೆ ಏನ್ಮಾಡ್ಬೇಕು ಅಂತಾನೇ ಗೊತ್ತಾಗ್ತಿರಲಿಲ್ಲ. ಹಲಗೆ ಮೇಲೆ ನಿಂತಾಗ ಬೀಳದೇ ಇರೋದೊಂದೇ ಯೋಚನೆ. ಬಿದ್ರೆ ಏಳೋದೊಂದೇ ಯೋಚನೆ. ಅದರಿಂದ ನಂಗೆ ಒಳ್ಳೇದಾಯ್ತು. ಅಷ್ಟೇ.”

ಅಪ್ಪ ಅವಳತ್ತ ತಿರುಗಿದರು. “ನನ್ನ ಪಕ್ಕದಲ್ಲೇ ನಿಂತ್ಕೊಂಡು, ನಾನು ಊರ ಮುಂದೆ ಬೈಯೋದನ್ನ ಕೇಳ್ತಾ ಇದ್ದೆ,” ಎಂದರು ಮೆಲ್ಲಗೆ. “ಈಗ ಊರಿಗೆಲ್ಲ ಹೇಳೋವಾಗ ನಂಗೂ ಹೇಳ್ತಿದೀಯ.”

ಚಪ್ಪಲಿ ಮೆಟ್ಟಿ ಹೊರಟುಹೋದರು.

ಆ ವಾರ ಅಂಗಡಿಯಲ್ಲಿ ಕತ್ತರಿಯ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಅಪ್ಪ ಊಟ ಬಡಿಸುತ್ತಿದ್ದರು, ಸೂಪಿನಲ್ಲಿ ಅವಳಿಗಿಷ್ಟವಾದ ಚಿಪ್ಪುಮೀನನ್ನೂ ಹಾಕುತ್ತಿದ್ದರು. ಮಾತು ಮಾತ್ರ ಇಲ್ಲ. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ.

ಕೊನೆಗೆ ಒಂದು ರಾತ್ರಿ ಊಟಕ್ಕೆ ಕೂತಾಗ ಅವಳೇ ಬಾಯಿಬಿಟ್ಟಳು. “ತಪ್ಪಾಯ್ತು ಅಪ್ಪ. ಸ್ಕೇಟಿಂಗ್ ಮಾಡಿದ್ದಲ್ಲ, ಮುಚ್ಚಿಟ್ಟಿದ್ದು.”

ಅಪ್ಪ ಸೂಪು ಕುಡಿದು ಮುಗಿಸಿದರು. “ಎಷ್ಟು ಸದ್ದಾಗುತ್ತೆ ಅದು? ನಿಜ ಹೇಳು.”

“ಡಾಂಬರಿನ ಮೇಲೆ ಜಾಸ್ತಿ. ನುಣುಪಾದ ಸಿಮೆಂಟಿನ ಮೇಲೆ ಅಷ್ಟಿಲ್ಲ.”

“ಕೇಳಿ ನೋಡ್ತೀನಿ. ಉಮೆನೊ ಅಜ್ಜಿ ಮನೇಲೇ ಕೂತು ಕೇಳ್ತೀನಿ. ನಿನ್ನ ಆ ಡಿಸೈನರ್‌ಗೆ ಹೇಳು.”

“ನನ್ನ ಅಂದ್ರೇನಪ್ಪಾ?”

“ಊರಿನ,” ಎಂದರು ಅಪ್ಪ, ಬಟ್ಟಲು ಎತ್ತಿಕೊಂಡು ಒಳಗೆ ಹೋಗುತ್ತ.

ಭಾನುವಾರ ಮಧ್ಯಾಹ್ನ ಅಜ್ಜಿಯ ಮನೆಯ ಮಹಡಿ ಕಿಟಕಿಗಳನ್ನೆಲ್ಲ ತೆರೆದರು. ಅಪ್ಪ, ಅಜ್ಜಿ, ಸೆಗಾವಾ, ಕೇರಿಯ ನಾಲ್ಕಾರು ಹಿರಿಯರು ಬಾರ್ಲಿ ಚಹಾ ಹಿಡಿದು ಕೂತರು. ಚಿಸಾತೊ ಮೊದಲು ಈಜುಕೊಳದ ಸುತ್ತಲಿನ ಹಳೇ ಟೈಲ್ಸ್ ಮೇಲೆ ಓಡಿಸಿದಳು. ಗಡಗಡಗಡ. ಹಿರಿಯರು ಮುಖ ಕಿವುಚಿದರು. ಆಮೇಲೆ ಬತ್ತಿದ ಕೊಳದ ತಳಕ್ಕೆ ಇಳಿದಳು. ಒಳಗಿನ ಸಿಮೆಂಟು ನುಣುಪಾಗಿತ್ತು, ನಾಲ್ಕೂ ಕಡೆ ಗೋಡೆ. ಹರಿದುಹೋಗುವ ನೀರಿನಂಥ ಒಂದು ಮೆಲುದನಿ ಮಾತ್ರ ಮೇಲೆ ಬಂತು.

“ನಿಂತುಬಿಟ್ಟಳಾ?” ಎಂದರು ಅಜ್ಜಿ.

“ಇಲ್ಲ, ಓಡಿಸ್ತಿದಾಳೆ,” ಎಂದ ಸೆಗಾವಾ.

“ಈ ಸದ್ದಿಗೆ ಅಭ್ಯಂತರ ಇಲ್ಲಪ್ಪ. ಮಲಗೋ ಹೊತ್ತಲ್ಲಿ ಮಾತ್ರ ಬೇಡ.”

ಅಪ್ಪ ಕಿಟಕಿಗೆ ಬಂದು ನಿಂತರು. ಕೆಳಗೆ ಅವರ ಮಗಳು ಕೊಳದ ತಳದ ಇಳಿಜಾರು ಹತ್ತಿ, ತುದಿಯಲ್ಲಿ ಹಗುರವಾಗಿ ತಿರುಗಿ, ಕೂದಲು ಹಾರಿಸುತ್ತ ಇಳಿದು ಬರುತ್ತಿದ್ದಳು. ಅಪ್ಪನ ಕೈಯಲ್ಲಿದ್ದ ಚಹಾ ತಣ್ಣಗಾಯಿತು.

ಮೂರನೆಯ ಸಭೆಯಲ್ಲಿ ನಕ್ಷೆ ಸಿದ್ಧವಾಗಿತ್ತು. ಟೈಲ್ಸ್ ಎಲ್ಲ ಕಿತ್ತುಹಾಕುವುದು, ಬಟ್ಟಲುಗಳನ್ನೆಲ್ಲ ನೆಲದ ಮಟ್ಟದಿಂದ ಕೆಳಗೇ ಇಡುವುದು, ಅಜ್ಜಿಯ ಗೋಡೆಯ ಬದಿಗೆ ದಟ್ಟ ಪೊದೆ ಬೆಳೆಸುವುದು, ಸಂಜೆಯಾದರೆ ಗೇಟಿಗೆ ಬೀಗ. ಅಪ್ಪ ಕೈಯೆತ್ತಿದರು.

“ಮಧ್ಯಾಹ್ನ ಊಟ ಆದ್ಮೇಲೆ ಒಂದಿಷ್ಟು ಹೊತ್ತು ಪಾರ್ಕೂ ಮಲಗ್ಬೇಕು. ಅದನ್ನ ಸೇರಿಸಿದ್ರೆ ಬಂದರುಕೇರಿ ಒಪ್ಪುತ್ತೆ.”

“ಆಗ ಹೇಗೂ ನಾವು ನೂಡಲ್ಸ್ ತಿಂತಿರ್ತೀವಿ!” ಎಂದು ತೆಪ್ಪೇ ಕೂಗಿದ. ಸಭೆ ನಕ್ಕಿತು, ಚಪ್ಪಾಳೆ ಬಿತ್ತು. ಚಿಸಾತೊ ಕಣ್ಣೊರೆಸಿಕೊಂಡು ಸೆಗಾವಾನತ್ತ ನೋಡಿದಳು. ಅವನು ಎಲ್ಲರಿಗೂ ತಲೆಬಾಗಿ, ಕೊನೆಯಲ್ಲಿ ಅವಳೊಬ್ಬಳಿಗೇ ಇನ್ನೊಮ್ಮೆ ಬಾಗಿದ.

ಅಲ್ಲಿಗೆ ಅವನ ಕೆಲಸ ಮುಗಿದಂತಾಯಿತು. ಇನ್ನು ಕಟ್ಟುವುದು ಬೇರೆಯವರ ಪಾಲು. ಮರುದಿನ ಮಧ್ಯಾಹ್ನ ಅವನು ಸಿಹಿ ಪೊಟ್ಟಣ ಹಿಡಿದು ಅಂಗಡಿಗೆ ವಿದಾಯ ಹೇಳಲು ಬಂದ. ಗಿರಾಕಿಗಳಿರಲಿಲ್ಲ. ಅಪ್ಪ ಟವೆಲ್ ಮಡಚುತ್ತಿದ್ದರು.

“ನಿಮ್ಮಿಂದ ತುಂಬ ಉಪಕಾರ ಆಯ್ತು,” ಎಂದ ಸೆಗಾವಾ, ಬಾಗಿಲ ಬಳಿಯೇ ನಿಂತು. ಮತ್ತೆ ಬಾಯಿ ತೆರೆದ, ಮುಚ್ಚಿದ. ಇವನು ಈಗಲೂ ಸಿಮೆಂಟಿನ ಮಾತೆತ್ತಿ, ಹಾಗೇ ರೈಲು ಹತ್ತಿಬಿಡುತ್ತಾನೆ ಅನ್ನಿಸಿತು ಚಿಸಾತೊಗೆ. ಪೊರಕೆ ಗೋಡೆಗೊರಗಿಸಿದಳು.

“ಅಪ್ಪ, ಒಂದು ವಿಷಯ ಇದೆ. ಈ ಸಲ ಎಲ್ಲರಿಗಿಂತ ಮೊದ್ಲು ನಿಂಗೇ ಹೇಳ್ತಿದೀನಿ.”

“ಏನಮ್ಮ?”

“ನಂಗೆ ಸೆಗಾವಾ-ಸಾನ್ ಅಂದ್ರೆ ಇಷ್ಟ.”

ಅಪ್ಪ ಮಗಳನ್ನು ನೋಡಿದರು. ಆಮೇಲೆ ಬಾಗಿಲಲ್ಲಿ ನಿಂತವನನ್ನು ನೋಡಿದರು. ಅವನ ಕಿವಿಗಳು ಕೆಂಪಗಾಗಿದ್ದವು.

“ಇವರಿಗೆ ಗೊತ್ತಾ?”

“ಇಲ್ಲ. ಈಗ ಗೊತ್ತಾಗ್ತಾ ಇದೆ.”

ಅಪ್ಪ ಕೈಲಿದ್ದ ಟವೆಲನ್ನು ಬಹಳ ಜೋಪಾನವಾಗಿ ಮಡಚಿಟ್ಟರು. “ಹೊರಗಿನ ಗಿಡಗಳು ಬಾಡಿದಾವೆ,” ಎನ್ನುತ್ತ ನೀರಿನ ಡಬ್ಬ ಎತ್ತಿಕೊಂಡು, ಸೆಗಾವಾನ ಪಕ್ಕದಿಂದ ಹಾದು ಬೀದಿಗಿಳಿದರು.

ಒಳಗೆ ಇಬ್ಬರೇ ಉಳಿದರು.

“ನಕ್ಷೆ ಒಪ್ಪಿಗೆ ಆಗೋ ತನಕ ಹೇಳ್ಬಾರದು ಅಂತ ಕೂತಿದ್ದೆ,” ಎಂದ ಅವನು. “ಕ್ಷೌರದಂಗಡಿ ಹುಡುಗಿಗೋಸ್ಕರ ಗೆರೆ ಎಳೆದ ಅಂತ ಯಾರಾದ್ರೂ ಅಂದ್ರೆ, ಪಾರ್ಕೂ ಹೋಗುತ್ತೆ, ನಿಮ್ಮ ಹೆಸರೂ ಹೋಗುತ್ತೆ. ಇವತ್ತು ಹೇಳೋಣ ಅಂತಾನೇ ಬಂದೆ. ಬಾಗಿಲಲ್ಲಿ ನಿಮ್ಮಪ್ಪನ್ನ ನೋಡಿ ನಾಲಿಗೆ ಅಂಟ್ಕೊಂಡ್ಬಿಡ್ತು.”

“ಈಗ ಅಪ್ಪ ಇಲ್ಲವಲ್ಲ. ಹೇಳಿ.”

“ಪ್ರತಿ ಭಾನುವಾರ ಬರ್ತೀನಿ. ಕಟ್ಟಡ ನೋಡೋಕಲ್ಲ, ನಿಮ್ಮನ್ನ ನೋಡೋಕೆ. ನಂಗೆ ನೀವಂದ್ರೆ ಇಷ್ಟ, ಚಿಸಾತೊ.”

ಗೌರವದ ‘-ಸಾನ್’ ಬಿಟ್ಟು ಅವನು ಮೊದಲ ಸಲ ಕರೆದ ತನ್ನ ಹೆಸರು ಅವಳಿಗೆ ಹೊಸದಾಗಿ ಕೇಳಿಸಿತು. ಎರಡು ಹೆಜ್ಜೆ ಮುಂದೆ ಬಂದು ಅವನ ಎದೆಗೆ ಹಣೆಯಾನಿಸಿದಳು. ಅವನ ಕೈಗಳು ಅನುಮಾನಿಸುತ್ತ ಬಂದು ಅವಳ ಬೆನ್ನ ಮೇಲೆ ನಿಂತವು.

ಹೊರಗೆ ಕುಂಡ ತುಂಬಿ, ನೀರು ಮೆಟ್ಟಿಲ ಮೇಲಿಂದ ಬೀದಿಗೆ ಹರಿಯುತ್ತಿತ್ತು. ಅಪ್ಪ ಸಮುದ್ರದ ಕಡೆ ಮುಖ ಮಾಡಿ ಇನ್ನೂ ಹಾಕುತ್ತಲೇ ಇದ್ದರು.

“ಅಪ್ಪಾ, ಸಾಕು, ಗಿಡ ಕೊಳೆತುಹೋಗುತ್ತೆ!” ಎಂದು ಒಳಗಿನಿಂದ ನಗುತ್ತ ಕೂಗಿದಳು ಚಿಸಾತೊ. “ಒಳಗೆ ಬಾ. ಸಿಹಿ ತಿನ್ನೋಣ.”