ಅಕ್ಕನ ಕೈಯಲ್ಲಿ ಬೀಗದ ಕೈ

“ಅಮ್ಮಾ, ಕೀ ಗೊಂಚಲು ಎಲ್ಲಿ?”

ಬಾಗಿಲ ಪಕ್ಕದ ಮೊಳೆ ಖಾಲಿಯಾಗಿತ್ತು. ಹಂಸ ಅದರ ಕೆಳಗೆ ನೆಲದ ಮೇಲೂ ಹುಡುಕಿದಳು. ದಿವ್ಯಕ್ಕ ಆಗಷ್ಟೇ ಆಸ್ಪತ್ರೆಯಿಂದ ಬಂದಿದ್ದಾಳೆ. ಈಗಲೇ ಫಿಟ್ಸ್ ಬಂದರೆ ಏನು ಗತಿ?

ಬೈಯಪ್ಪನಹಳ್ಳಿಯ ಅವರ ಮನೆಯ ಹಿಂದೆ ತಾತ ಮುನಿಆಂಜನಪ್ಪ ಕಟ್ಟಿಸಿದ ಬಾಡಿಗೆ ರೂಮುಗಳಿದ್ದವು. ಅವುಗಳ ಡೂಪ್ಲಿಕೇಟ್ ಬೀಗದ ಕೈಗಳೆಲ್ಲ ಒಂದೇ ಗೊಂಚಲಲ್ಲಿ. ಫಿಟ್ಸ್ ಬಂದಾಗ ಆ ಕಬ್ಬಿಣವನ್ನು ಅಕ್ಕನ ಮುಷ್ಟಿಯಲ್ಲಿಟ್ಟರೆ ನಿಲ್ಲುತ್ತದೆ ಎಂದು ಅಜ್ಜಿ ಹೇಳಿಕೊಟ್ಟಿದ್ದರು. ಓಡಿ ತರುವ ಕೆಲಸ ಹಂಸಳದು. ಮನೆಯಲ್ಲಿ ಅವಳಷ್ಟು ಜೋರಾಗಿ ಓಡುವವರು ಇನ್ಯಾರಿದ್ದಾರೆ? ಅಕ್ಕನನ್ನು ಉಳಿಸುತ್ತಿರುವುದು ತಾನೇ ಎಂದು ಅವಳಿಗೆ ಒಳಗೊಳಗೇ ಹೆಮ್ಮೆ.

ಗೊಂಚಲನ್ನು ಬೀರುವಿನಲ್ಲಿಟ್ಟಿದ್ದೇನೆ ಎಂದರು ಅಮ್ಮ. ಕಬ್ಬಿಣ ಹಿಡಿಸಿ ಏನೂ ಪ್ರಯೋಜನವಿಲ್ಲ ಎಂದು ಡಾಕ್ಟರು ಹೇಳಿದ್ದರಂತೆ. ಮಗ್ಗುಲಿಗೆ ಮಲಗಿಸಿ, ತಲೆಯ ಕೆಳಗೆ ಮೆತ್ತಗಿನದೇನಾದರೂ ಇಟ್ಟು, ಗಡಿಯಾರ ನೋಡುತ್ತ ಜೊತೆಗಿರಬೇಕು. ತಾನಾಗಿಯೇ ನಿಲ್ಲುತ್ತದೆ. ಐದು ನಿಮಿಷ ದಾಟಿದರೆ ಮಾತ್ರ ಆಂಬುಲೆನ್ಸ್ ಕರೆಯಬೇಕು.

ಹಂಸಳ ಮುಖ ಊದಿಕೊಂಡಿತು. ಹಾಗಾದರೆ ಇಷ್ಟು ದಿನ ಓಡಿದ್ದೆಲ್ಲ ದಂಡವೇ?

ಸಂಜೆ ಅಕ್ಕ ಬಂದು ಪಕ್ಕದಲ್ಲಿ ಕೂತಳು. ಆಪರೇಷನ್‌ಗೆಂದು ಬೋಳಿಸಿದ್ದ ತಲೆಯಲ್ಲಿ ಕೂದಲು ಮುಳ್ಳುಮುಳ್ಳಾಗಿ ಬಂದಿತ್ತು. ಎದೆಯ ಮೇಲ್ಭಾಗದಲ್ಲಿ, ಚರ್ಮದ ಒಳಗೆ, ಬೆಂಕಿಪೊಟ್ಟಣದಷ್ಟು ಒಂದು ಉಬ್ಬು.

“ಮುಟ್ಟಿ ನೋಡು, ಶಾಕ್ ಹೊಡಿಯಲ್ಲ,” ಎಂದಳು. “ನಮ್ಮೆಲ್ರ ತಲೇಲೂ ಸಣ್ಣಸಣ್ಣ ಕರೆಂಟ್ ಓಡಾಡ್ತಾನೇ ಇರತ್ತೆ. ಮಿಸ್ ಇಲ್ದಾಗ ನಿಮ್ ಕ್ಲಾಸಲ್ಲಿ ಎಲ್ರೂ ಒಟ್ಟಿಗೆ ಕಿರುಚ್ತೀರಲ್ಲ, ಹಂಗೆ ಗಲಾಟೆ ಆದ್ರೆ ಫಿಟ್ಸು. ಈ ಡಬ್ಬೀಂದ ವೈರು ಮೆದುಳಿನ ಒಳಗೆ ಹೋಗಿದೆ. ಈ ವಾರ ಆನ್ ಮಾಡಿದ್ದಾರೆ. ಚೂರುಚೂರೇ ಕರೆಂಟ್ ಕಳಿಸಿ ಗಲಾಟೆ ಕಮ್ಮಿ ಮಾಡತ್ತೆ.”

“ಇನ್ಮೇಲೆ ಫಿಟ್ಸ್ ಬರೋದೇ ಇಲ್ವಾ?”

“ಬರಬಹುದು. ನಿಧಾನಕ್ಕೆ ಕಮ್ಮಿ ಆಗತ್ತಂತೆ.”

ಭಾನುವಾರ ಇಬ್ಬರೂ ಚಾಪೆಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಅಕ್ಕನ ಕೈ ತಟ್ಟನೆ ನಿಂತಿತು. “ಹಂಸಾ,” ಎಂದಳು, ಮೆಲ್ಲಗೆ.

ಹಂಸ ಬೀರುವಿನ ಕಡೆ ಅರ್ಧ ಎದ್ದೇಬಿಟ್ಟಿದ್ದಳು. ಎದ್ದವಳು ಮತ್ತೆ ಕೂತಳು. ಅಮ್ಮನನ್ನು ಕೂಗಿದಳು. ಮೊರ ಆಚೆ ತಳ್ಳಿ, ವಾಲುತ್ತಿದ್ದ ಅಕ್ಕನನ್ನು ಚಾಪೆಯ ಮೇಲೆ ಮಲಗಿಸಿ, ಅವಳ ದುಪಟ್ಟಾ ಮಡಿಸಿ ತಲೆಯಡಿ ಇಟ್ಟಳು. ಅಮ್ಮ ಬಂದು ಅಕ್ಕನನ್ನು ಮಗ್ಗುಲಿಗೆ ಹೊರಳಿಸಿದರು. ಅಕ್ಕನ ಮೈ ಅದುರುತ್ತಿತ್ತು. ಹಂಸಳಿಗೆ ಅಳು ಬಂತು. ಆದರೂ ಗಡಿಯಾರದ ಮೇಲೊಂದು ಕಣ್ಣು, ಅಕ್ಕನ ಮೇಲೊಂದು ಕಣ್ಣು ಇಟ್ಟು ಅಲ್ಲೇ ಕೂತಳು.

ನಿಂತಿತು. ಎರಡು ನಿಮಿಷವೂ ಆಗಿರಲಿಲ್ಲ.

ಸ್ವಲ್ಪ ಹೊತ್ತಿಗೆ ಅಕ್ಕ ಕಣ್ಣು ಬಿಟ್ಟು ಹಂಸಳ ಕೈ ಹುಡುಕಿದಳು. “ಮುಂಚೆ ಎಲ್ಲಾ, ಫಿಟ್ಸ್ ಬರೋವಾಗ ಕೊನೇಗೆ ಕಾಣ್ತಿದ್ದಿದ್ದು ನೀನು ಓಡಿಹೋಗೋ ಬೆನ್ನು. ಇವತ್ತು ನಿನ್ ಮುಖ ಕಾಣಿಸ್ತು ಕಣೆ.”

ಹಂಸ ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅಕ್ಕನ ಬೆರಳುಗಳು ಬೆಚ್ಚಗಿದ್ದವು.

ಅಷ್ಟರಲ್ಲಿ ತಾತ ಬಂದರು. ಹಿಂದಿನ ರೂಮಿನ ಜಾಫರ್ ಕೀ ಒಳಗೇ ಬಿಟ್ಟು ಬೀಗ ಒತ್ತಿಬಿಟ್ಟಿದ್ದನಂತೆ. ಹಂಸ ಬೀರುವಿನಿಂದ ಗೊಂಚಲು ತಂದುಕೊಟ್ಟಳು.

“ತಗೋ ತಾತ. ಇನ್ಮೇಲೆ ನಿನ್ ಹತ್ರಾನೇ ಇಟ್ಕೋ,” ಎಂದು ಹೇಳಿ, ಹೋಗಿ ಅಕ್ಕನ ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿಯತೊಡಗಿದಳು.