ಅಟ್ಟವಿಲ್ಲದವರ ಅಟ್ಟ

ಅಲ್ಲಾಡಿಸಿದರೆ ಕಾಯಿಯೊಳಗೆ ನೀರು ಗುಳುಗುಳು ಅಂದಿತು.

"ಇನ್ನೊಂದು ಕೊಡಿ," ಅಂದರು ಬಿ.ಡಿ.ಓ. ಅದೂ ಗುಳುಗುಳು. ಹತ್ತು ಕಾಯಿ, ಇಪ್ಪತ್ತು ಕಾಯಿ — ಎಲ್ಲದರಲ್ಲೂ ನೀರು! ಹನ್ನೊಂದು ತಿಂಗಳು ಅಟ್ಟದಲ್ಲಿ ಹೊಗೆ ಕುಡಿದ ಕಾಯಿ ಒಳಗೇ ಒಣಗಿ, ಕೊಬ್ಬರಿ ಉಂಡೆ ಚಿಪ್ಪು ಬಿಟ್ಟು ಗಡಗಡ ಅನ್ನಬೇಕು. ಇವು ಹಸಿಕಾಯಿ. ನಲವತ್ತು ಹೆಂಗಸರ ನಾಲ್ಕು ಸಾವಿರ ಒಣಕಾಯಿ ಮಾಯವಾಗಿದ್ದವು. ಬೀಗ ಮಾತ್ರ ನೆಟ್ಟಗಿತ್ತು.

ನಾನು ಬೆಟ್ಟಸ್ವಾಮಿ, ಪೊಲೀಸ್ ಠಾಣೆಯ ರೈಟರ್. ಇದು ನಡೆದದ್ದು ಎಪ್ಪತ್ತೊಂಬತ್ತರಲ್ಲಿ, ಹುಳಿಯಾರು ಕಡೆಯ ಒಂದು ಹಳ್ಳಿಯಲ್ಲಿ. ಆ ಊರಿನ ಹೆಸರು ಬರೆಯಲೂ ನನಗೆ ಹೇಸಿಗೆ.

ತೋಟವಿದ್ದವರ ಮನೆಯಲ್ಲಿ ಅಟ್ಟವಿರುತ್ತದೆ. ಗುಡಿಸಲಿನವರಿಗೆ ಅಟ್ಟವೆಲ್ಲಿ? ಕೂಲಿಗೆ ಸಿಕ್ಕ ಕಾಯಿ, ಹಿತ್ತಲ ಒಂದೇ ಮರದ ಕಾಯಿ — ಎಲ್ಲವನ್ನೂ ಹಸಿಯಾಗಿಯೇ ಕೇಳಿದ ಬೆಲೆಗೆ ಕೊಟ್ಟುಬಿಡಬೇಕು. ಅದಕ್ಕೇ ಪಂಚಾಯ್ತಿಯವರು ಅಭಿವೃದ್ಧಿ ಯೋಜನೆಯಲ್ಲಿ ಬಡ ಹೆಂಗಸರಿಗೆಲ್ಲ ಸೇರಿ ಒಂದು ಅಟ್ಟ ಕಟ್ಟಿಸಿದ್ದರು. ತಲೆಗೆ ನೂರು ಕಾಯಿ. ಒಳ್ಳೆಯ ಕೆಲಸ. ಒಳ್ಳೆಯ ಕೆಲಸ ಕಂಡರೆ ನಮ್ಮ ಜನಕ್ಕೆ ಕೈ ಕಡಿಯುತ್ತದೆ, ಥೂ!

"ಇನ್ನೇನು ತನಿಖೆ ಸ್ವಾಮಿ?" ಅಂದ, ಬಿ.ಡಿ.ಓ. ದೂರಿನ ಮೇಲೆ ಎರಡು ದಿನ ಬಿಟ್ಟು ನಾವು ಹೋದಾಗ, ಪಂಚಾಯ್ತಿ ಚೇರ್ಮನ್ ಕಾಡಸಿದ್ದಪ್ಪ. ಯೋಜನೆಯನ್ನು ತಾಲ್ಲೂಕು ಆಫೀಸಿಗೆ ಅಲೆದು ತಂದವನು ಅವನೇ. "ಕೀಲಿಕೈ ಒಂದು ನನ್ನತ್ರ, ಇನ್ನೊಂದು ಕೆಳಗೆ ಹೊಗೆ ಹಾಕೋ ಸಿದ್ದಕ್ಕನತ್ರ. ಅವಳನ್ನ ಎಳ್ಕೊಂಡು ಹೋಗಿ. ಈ ಜನಕ್ಕೆ ಯೋಜನೆ ಗೀಜನೆ ಒಗ್ಗಲ್ಲ. ಅಟ್ಟಾನ ನಾನೇ ಗುತ್ತಿಗೆಗೆ ತಗೋತೀನಿ, ಪಾಪ, ಪಂಚಾಯ್ತಿಗೆ ನಷ್ಟ ಆಗಬಾರದು."

ನಮ್ಮ ಎಸ್ಸೈ ಸದಾಶಿವಯ್ಯ ಸಿದ್ದಕ್ಕನನ್ನು ಕರೆದರು. ವಿಧವೆ, ಒಣಕಲು ಹೆಂಗಸು, ಹೊಗೆಗೆ ಕಣ್ಣು ಕೆಂಪಗಾಗಿದ್ದವು.

"ನಾನು ಕದ್ದಿಲ್ಲ ಸ್ವಾಮಿ. ನನ್ನ ಮಗಳು ತುಂಬಿದ ಬಸುರಿ. ಕೆಂಕೆರೆ ಬೀಗರು ಆಗ್ಲೇ ಹೇಳಿ ಕಳಿಸವ್ರೆ — ಕಳ್ಳಿ ಮಗಳು ನಮಗೆ ಬ್ಯಾಡ, ಹೆತ್ಮೇಲೂ ಅಲ್ಲೇ ಇಟ್ಕಳಿ ಅಂತ."

"ಅಟ್ಟ ಬಿಟ್ಟು ಯಾವತ್ತಾದ್ರೂ ಹೋಗಿದ್ಯಾ?"

"ಒಂದೇ ದಿನ. ಎರಡು ತಿಂಗಳಾಯ್ತು. ತುಮಕೂರಲ್ಲಿ ಅಭಿವೃದ್ಧಿ ಸಮಾವೇಶ ಅಂತ ನಮ್ಮ ನಲವತ್ತು ಜನಾನೂ ಲಾರಿ ಹತ್ತಿಸಿದ್ರು. ಚೇರ್ಮನ್ನರ ಮನೆಯಮ್ಮಾನೂ ನಮ್ಜೊತೆ ಬಂದಿದ್ರು. ಚಪ್ಪಾಳೆ ಹೊಡ್ದು ಚಿತ್ರಾನ್ನ ತಿಂದು ಬಂದ್ವಿ."

"ಕಾಯಿ ತುಂಬಿದ ದಿನ ಪೂಜೆ ಮಾಡಿದ್ದು ಯಾರು?"

"ಬಿ.ಡಿ.ಓ. ಸಾಹೇಬ್ರ ಹೆಂಡ್ತಿ. ಮೊದಲನೇ ಕಾಯಿಗೆ ಅರಿಶಿನ ಕುಂಕುಮ ಹಚ್ಚಿ ಇಟ್ರು. ನಾನು ಮುಂಡೆ ಅಂತ ಹೊರಗೇ ನಿಲ್ಸಿದ್ರು."

ಆ ಸಮಾವೇಶದ ದಿನ ಊರಲ್ಲಿ ಉಳಿದಿದ್ದವರನ್ನು ಕೇಳಿದೆವು. ಜಗಲಿಯ ಮೇಲೆ ಕೂತಿದ್ದ ಸಣ್ಣತಿಮ್ಮಯ್ಯ ಎಂಬ ಮುದುಕ ಎಲೆಯಡಿಕೆ ಉಗಿದು ಬಾಯಿಬಿಟ್ಟ.

"ಗಾಡಿ ಹೋದ್ವು, ಬಂದ್ವು. ಹಾಡುಹಗಲೇ ಕಣಪ್ಪ."

"ಯಾರ ಗಾಡಿ?"

"ಕಣ್ಣು ಮಂಜು, ಕಾಣಲಿಲ್ಲ. ಪಂಚಾಯ್ತಿ ಕಾಯಿ, ನನಗ್ಯಾಕೆ ಅಂತ ಸುಮ್ಕಾದೆ ಬುಡು."

ನನಗೆ ಮೈಯೆಲ್ಲ ಉರಿಯಿತು. ನಲವತ್ತು ಮನೆಯ ಅನ್ನ ಕಣ್ಣೆದುರಿಗೇ ಗಾಡಿ ಹತ್ತಿ ಹೋಗುತ್ತಿದ್ದರೆ ಇವನಿಗೆ ಸುಮ್ಮನಿರುವುದು ಸಲೀಸಾಗಿತ್ತು!

ನನ್ನ ಗುಮಾನಿ ಇದ್ದದ್ದು ಕೊಬ್ಬರಿ ಮಂಡಿಯ ಈರಣ್ಣನ ಮೇಲೆ. ಹೆಂಗಸರು ಹಸಿಕಾಯಿ ಮಾರುವುದು ನಿಂತರೆ ಅವನಿಗೇ ಹೊಡೆತ. ಅಟ್ಟದ ಬೀಗ ದಾನ ಕೊಟ್ಟವನೂ ಅವನೇ — ಮೂರನೇ ಕೀಲಿಕೈ ಇಟ್ಟುಕೊಂಡಿರಲಾರನೆ?

"ಈ ಅಟ್ಟ ಹಾಳಾಗ್ಲಿ ಅಂತ ಬೈದಿದ್ದು ನಿಜ," ಅಂದ ಈರಣ್ಣ, ನಾಚಿಕೆಯಿಲ್ಲದೆ. "ಆದ್ರೆ ಕದಿಯೋದ್ಯಾಕೆ ಸ್ವಾಮಿ? ನಂದು ಹತ್ತೂರ ಕಾಯಿ ಮಂಡೀಲಿ ಬಿದ್ದದೆ."

ಸದಾಶಿವಯ್ಯ ಅಟ್ಟದ ಕಾಯಿಯನ್ನೆಲ್ಲ ಕೆಳಗಿಳಿಸಲು ಹೇಳಿದರು.

"ನಾಲ್ಕು ಸಾವಿರಾನೂ? ಯಾಕೆ ಸಾರ್? ಮೇಲಿನವು ನೋಡಿದ್ದಾಯ್ತಲ್ಲ?" ಅಂದೆ.

"ಕೊನೇದರವರೆಗೂ ಇಳಿಸ್ರೀ."

ಸಂಜೆಯಾಯಿತು. ಈಶಾನ್ಯದ ಮೂಲೆಯಲ್ಲಿ, ಎಲ್ಲಕ್ಕಿಂತ ಅಡಿಯಲ್ಲಿ, ಕಟ್ಟಕಡೆಯ ಕಾಯಿ ಸಿಕ್ಕಿತು. ಅದರ ಮೇಲೆ ಮೂರು ಪಟ್ಟೆ ವಿಭೂತಿ, ಜುಟ್ಟಿಗೆ ಕಟ್ಟಿದ ಒಂದೆಳೆ ಹೊಂಬಾಳೆ. "ಪೂಜೆ ಕಾಯಿ, ಇದ್ದೇ ಇರುತ್ತೆ ಬಿಡಿ ಸಾರ್," ಅಂದು ನಾನು ಪಕ್ಕಕ್ಕಿಟ್ಟೆ. ಅವರು ಅದನ್ನು ಎತ್ತಿ ಚೀಲಕ್ಕೆ ಹಾಕಿಕೊಂಡರು.

ಬೆಳಿಗ್ಗೆ ಚೇರ್ಮನ್ ಮನೆಯಲ್ಲಿ ಕಾಫಿ. ಕೊಟ್ಟವರು ಅವನ ಹೆಂಡತಿ ಗುರುಶಾಂತಮ್ಮ. ಚೇರ್ಮನ್ ಇನ್ನೂ ಪೂಜೆಯಲ್ಲಿದ್ದ.

"ನಿಮ್ಮನೆ ಅಟ್ಟ ತುಂಬಿದ್ದು ಯಾವಾಗಮ್ಮ?"

"ನಾಲ್ಕು ತಿಂಗಳಾಯ್ತಲ್ಲ. ಇನ್ನೂ ಹಸಿ."

"ಮೊದಲ ಕಾಯಿಗೆ ಏನಾದ್ರೂ ಮಾಡ್ತೀರಾ?"

"ಮಾಡ್ದೆ ಇರ್ತೀವಾ? ಯಜಮಾನರೇ ವಿಭೂತಿ ಹಚ್ಚಿ, ತೋಟದ ಹೊಂಬಾಳೆ ಎಳೆ ಕಟ್ಟಿ ಇಡಬೇಕು. ಬೇರೆಯವರು ಇಟ್ರೆ ಅಟ್ಟವೆಲ್ಲ ಕೊಳೆಯುತ್ತೆ ಅಂತ ನಮ್ಮ ಮಾವನವರ ಕಾಲದ ಮಾತು. ಈ ಊರಲ್ಲಿ ನಮ್ಮ ಮನೇಲಿ ಮಾತ್ರ ಇದು."

ಕಾಫಿ ಲೋಟ ಕೆಳಗಿಟ್ಟು ಸದಾಶಿವಯ್ಯ ನನ್ನನ್ನು ಆ ಮನೆಯ ಅಟ್ಟ ಹತ್ತಿಸಿದರು. ಕೈಗೆ ಸಿಕ್ಕ ಕಾಯಿ ಅಲ್ಲಾಡಿಸಿದೆ. ಗಡಗಡ! ಇನ್ನೊಂದು — ಗಡಗಡ!

ಹಣೆಯ ಮೇಲೆ ಹಸಿ ವಿಭೂತಿಯೊಡನೆ ಕಾಡಸಿದ್ದಪ್ಪ ಹೊರಗೆ ಬಂದ. ಅಂಗಳದಲ್ಲಿ ಊರು ನೆರೆದಿತ್ತು.

"ಕದ್ದವನು ಒಂದು ಕಾಯಿ ತೆಗೆದ ಕಡೆ ಒಂದು ಕಾಯಿ ಇಟ್ಟಿದಾನೆ," ಅಂದರು ಸದಾಶಿವಯ್ಯ. "ನಾಲ್ಕು ಸಾವಿರ ಹಸಿಕಾಯಿ ಸಿದ್ದಕ್ಕನಿಗೆ ಎಲ್ಲಿಂದ ಬರಬೇಕು? ಉಳಿದವರು ಇಬ್ಬರು — ಮಂಡಿ ಈರಣ್ಣ, ತೋಟದ ಕಾಡಸಿದ್ದಪ್ಪ. ಎಲ್ಲರೂ ಮೇಲಿನ ಕಾಯಿ ಅಲ್ಲಾಡಿಸಿದರು, ಅಡಿಯ ಕಾಯಿ ನೋಡಲಿಲ್ಲ. ಹೆಂಗಸರ ಮೊದಲ ಕಾಯಿಗೆ ಅರಿಶಿನ ಕುಂಕುಮ ಇತ್ತು. ಈಗ ಸಿಕ್ಕಿದ್ದಕ್ಕೆ ವಿಭೂತಿ, ಹೊಂಬಾಳೆ. ಅದು ಯಾರ ಮನೆ ಪದ್ಧತಿ, ಯಾರ ಕೈಕೆಲಸ ಅಂತ ಇವರ ಮನೆಯವರೇ ಹೇಳಿದ್ರು."

"ಕಳ್ಳತನ ಮಾಡೋವಾಗ ಯಾರಾದ್ರೂ ಪೂಜೆ ಮಾಡ್ತಾರಾ ಸಾರ್?" ಅಂದೆ ನಾನು.

"ಆ ಹಸಿಕಾಯೀನೂ ಬೇಕಾಗಿತ್ತಲ್ರೀ! ಯೋಜನೆ ಕೆಡಿಸಿ, ಅಟ್ಟ ಗುತ್ತಿಗೆ ಹಿಡಿದರೆ ಅದೂ ಇವರಿಗೇ. ಕೊಳೆಯಬಾರದು ಅಂತ ತಮ್ಮ ಕೈಯಾರೆ ಇಟ್ಟರು. ಹೆಂಗಸರನ್ನ ಲಾರಿ ಹತ್ತಿಸಿದ ದಿನವೇ. ಏನ್ರೀ ಚೇರ್ಮನ್ನರೇ?"

ಕಾಡಸಿದ್ದಪ್ಪನ ಮುಖ ಬಿಳಿಚಿಕೊಂಡಿತು. ಆದರೂ ಗತ್ತು ಇಳಿಯಲಿಲ್ಲ.

"ಅಟ್ಟ ಕಟ್ಟಿಸಿಕೊಟ್ಟವನು ನಾನು ಕಣ್ರೀ! ನಾನಿಲ್ಲದಿದ್ರೆ ಇವಕ್ಕೆಲ್ಲಿತ್ತು ಅಟ್ಟ? ನನಗೂ ಏನಾದ್ರೂ ಬ್ಯಾಡ್ವಾ?"

ಇಪ್ಪತ್ತು ವರ್ಷದ ನೌಕರಿಯಲ್ಲಿ ಕೊಲೆಗಡುಕರ ಹೇಳಿಕೆ ಬರೆದುಕೊಂಡಿದ್ದೇನೆ, ಹೀಗೆ ಅಸಹ್ಯವಾಗಿರಲಿಲ್ಲ. ಗುರುಶಾಂತಮ್ಮ ಕಾಫಿ ಲೋಟ ಎತ್ತಿಕೊಂಡು, ಗಂಡನ ಕಡೆ ನೋಡದೆ ಒಳಗೆ ಹೋದರು.

ಅವನನ್ನು ಜೀಪಿಗೆ ಹತ್ತಿಸುವಾಗ ಸಿದ್ದಕ್ಕ ಮುಂದೆ ಬಂದಳು. ಅಳಲಿಲ್ಲ, ಬೈಯಲಿಲ್ಲ.

"ಸ್ವಾಮಿ, ಇಲ್ಲಿ ಹೇಳಿದ್ದು ಇಲ್ಲೇ ಉಳೀತದೆ. ನಮ್ಮ ಬೀಗರ ಕಿವಿಗೆ ಯಾರು ಹಾಕ್ತಾರೆ?"

ಸದಾಶಿವಯ್ಯ ಡ್ರೈವರ್ ಕಡೆ ತಿರುಗಿದರು.

"ಕೆಂಕೆರೆ ಮೇಲೆ ಹೋಗಲಿ. ಸಿದ್ದಕ್ಕ, ಮುಂದಿನ ಸೀಟಿಗೆ ಹತ್ತಮ್ಮ. ಬೀಗರ ಬಾಗಿಲಲ್ಲಿ ಚೇರ್ಮನ್ನರೇ ಇಳಿದು ಹೇಳ್ತಾರೆ, ಕಾಯಿ ಕದ್ದಿದ್ದು ಯಾರು ಅಂತ."